ಯಾವುದು ಮೊದಲೋ ಅದು

ಕಂಡೆನ್ಸರಿನ ಸಂದಿಯಲ್ಲಿ ಧೂಳಂತೆ.
ಧೂಳು ಹೊರಗಿನ ಕಾರಣವಂತೆ. ಹೊರಗಿನ ಕಾರಣಕ್ಕೆ
ಕಂಪನಿಯ ಮಾತು ನಡೆಯದಂತೆ.

ಸೇಡಂ ರಸ್ತೆಯ ಶೋರೂಮಿನಲ್ಲಿ
ರೇವಣಸಿದ್ಧ ಪುಸ್ತಕ ನನ್ನ ಕಡೆ ತಿರುಗಿಸುತ್ತಾನೆ.
ಟೈಯ ಗಂಟು ಬೆವರಿಗೆ ಕಪ್ಪಾಗಿದೆ.
"ಬರದದ್ದು ನೋಡ್ರಿ ಅಕ್ಕಾರ. ನಾ ಬರದದ್ದಲ್ಲ."

ನೋಡಿದೆ. ಪುಟ ಮೂವತ್ತೊಂದು,
ಗಸಗಸೆಯಂಥ ಅಕ್ಷರ.
ಕಲಬುರಗಿಯಲ್ಲಿ ಹೊರಗು ಅಂತ ಯಾವುದನ್ನು ಕರೆಯಲಿ?
ತೊಗರಿ ಗಿರಣಿಯ ಹೊಟ್ಟು
ನಾನು ಬರೆಯುವ ಲೆಕ್ಕದ ಹಾಳೆಹಾಳೆಯಲ್ಲಿ,
ಡಬ್ಬಿಯೊಳಗಿನ ಶೇಂಗಾ ಹಿಂಡಿಯಲ್ಲಿ,
ರಾತ್ರಿ ಹೆರಳು ಬಿಚ್ಚಿದರೆ ದಿಂಬಿನ ಮೇಲೆ.
ಶಹಾಬಾದಿ ಕಲ್ಲಿನ ಪುಡಿ
ಲಾರಿ ಹೋದ ಮೇಲೂ ಹೋಗುವುದಿಲ್ಲ,
ಕೆಮ್ಮಿದರೆ ಅದೂ ಜೊತೆಗೆ ಕೆಮ್ಮುತ್ತದೆ.
ಇದನ್ನು ಹೊರಗು ಅಂದವನು
ಯಾವ ಊರಿನ ಯಾವ ಗಾಜಿನ ಹಿಂದೆ ಕೂತಿದ್ದ?

ಐದು ವರ್ಷದ ಹಿಂದೆ ಇದೇ ಮೇಜಿನ ಮೇಲೆ ಪೇಢೆ ಇತ್ತು.
ಆಳೆತ್ತರದ ರಟ್ಟಿನ ಬೀಗದಕೈ ಹಿಡಿಸಿ
ಫೋಟೋ ತೆಗೆದಿದ್ದರು.
"ಚಿಂತಿ ಬಿಡ್ರಿ. ಏಳು ವರ್ಷ
ಇಲ್ಲಾ ಒಂದು ಲಕ್ಷ ಕಿಲೋಮೀಟರು,
ಯಾವುದು ಮೊದಲೋ ಅದು."
ನನಗೆ ಕೇಳಿಸಿದ್ದು ಏಳು ಮಾತ್ರ.

'ಇಲ್ಲಾ' ನಮ್ಮಲ್ಲಿ ಎರಡು ಕೆಲಸ ಮಾಡುವ ಪದ.
ಇದು ಬೇಡಾದರೆ ಅದು ಎನ್ನಲಿಕ್ಕೆ ಒಂದು,
ಏನೂ ಇಲ್ಲ ಎನ್ನಲಿಕ್ಕೆ ಇನ್ನೊಂದು.
ಹುಡುಗ ಅಂದದ್ದು ಮೊದಲಿನದು.
ಕಂಪನಿ ಬರೆದುಕೊಂಡದ್ದು ಎರಡನೆಯದು.

ಹುಸೇನಿ ಕಲಾಯಿಗಾರ ನೆನಪಾಗುತ್ತಾನೆ.
ಅವ್ವನ ಬೋಗುಣಿಗೆ ಆರು ತಿಂಗಳ ಮಾತು ಕೊಟ್ಟವನು
ಎಂಟನೆಯದರಲ್ಲಿ ಮಸುಕಾದರೂ ತಿದಿ ಒತ್ತುತ್ತ ಬೈಯುತ್ತಿದ್ದ:
"ಹುಣಸಿಹುಳಿ ರಾತ್ರಿಯಿಡೀ ಇಟ್ಟೀರಿ, ನನಗೊತ್ತದ."
ಬೈದು, ಮತ್ತೆ ಹಾಕಿ, ದುಡ್ಡು ಒಲ್ಲೆ ಅನ್ನುತ್ತಿದ್ದ.
ಆಮೇಲೊಂದು ವರ್ಷ ಬರಲೇ ಇಲ್ಲ.
ಸುಳ್ಳು ಯಾಕೆ ಹೇಳಲಿ,
ಬಾಯಿಮಾತಿಗೂ ಅವಧಿ ಇರುತ್ತದೆ.

ನಾನೂ ಬರೆಸಿದ್ದೇನೆ, ಗಿರಣಿಯ ರಸೀದಿಯ ಬುಡದಲ್ಲಿ:
ಹಸಿ ಆರಿ ತೂಕ ಇಳಿದರೆ ನಾವು ಹೊಣೆಗಾರರಲ್ಲ.
ಅಕ್ಷರ ಎಷ್ಟು ದೊಡ್ಡದಿರಲಿ, ಅಚ್ಚಿನವನು ಕೇಳಿದ್ದ.
ಜಾಗ ಇದ್ದಷ್ಟು ಅಂದಿದ್ದೆ.
ಜಾಗ ಬೇಕಾದಷ್ಟಿತ್ತು.

ಪತ್ರ ಬರೆದೆ. ಬಿಲ್ಲುಗಳನ್ನೆಲ್ಲ ತಾರೀಖಿನ ಪ್ರಕಾರ ಪೋಣಿಸಿದೆ.
ಮೂರನೆಯ ಸರ್ವೀಸು ಹತ್ತೊಂಬತ್ತು ದಿನ ತಡ, ಯಾಕೆ?
ತಂಗಿ ಆಸ್ಪತ್ರೆಯಲ್ಲಿದ್ದಳು, ಇದೇ ಕಾರಿನಲ್ಲಿ ಓಡಾಡಿದೆ.
ಅದನ್ನು ಬರೆಯುವ ಖಾನೆ ಅರ್ಜಿಯಲ್ಲಿರಲಿಲ್ಲ.

ಕಡೆಗೊಂದು ಫೋನು, ತಂಪು ಕೋಣೆಯ ದನಿ:
"ವಾರಂಟಿಯಲ್ಲಿ ಬರೋದಿಲ್ಲ ಮೇಡಂ.
ಗುಡ್‌ವಿಲ್ ಅಂತ ಅರವತ್ತು ಪರ್ಸೆಂಟು ಕೊಡ್ತೇವೆ."
ಗುಡ್‌ವಿಲ್ಲು. ಒಳ್ಳೆ ಮನಸ್ಸು.
ನೂರಕ್ಕೆ ಅರವತ್ತು ಒಳ್ಳೆ ಮನಸ್ಸು.
ಹಕ್ಕು ಕೇಳಲು ಬಂದವಳಿಗೆ ಬಾಗಿಲು ಹಾಕಿ
ಹಿತ್ತಲ ಕಡೆಯಿಂದ ಭಿಕ್ಷೆ ನೀಡಿದರು.
ಪೂರ್ತಿ ಸಮಾಧಾನವಾಗಿದೆ, ಇನ್ನು ತಕರಾರಿಲ್ಲ
ಎಂಬ ಕಾಗದಕ್ಕೆ ಸಹಿ ಮಾಡಿದೆ.
ಹೊರಗೆ ನಲವತ್ತನಾಲ್ಕು ಡಿಗ್ರಿ. ಮತ್ತೇನು ಮಾಡಲಿ?

ಬಾಗಿಲ ತನಕ ಬಂದ ರೇವಣಸಿದ್ಧ ದನಿ ತಗ್ಗಿಸಿದ:
"ನನ್ನ ಗಾಡಿದೂ ಹಿಂಗೇ ಆಗೇದ್ರಿ.
ನನಗ ಇಪ್ಪತ್ತೂ ಕೊಡಲಿಲ್ಲ."

ಅರವತ್ತನ್ನು ಯಾವ ಖಾತೆಗೆ ಹಾಕಬೇಕೋ
ಇವತ್ತಿಗೂ ತಿಳಿದಿಲ್ಲ, ಇಪ್ಪತ್ತೆರಡು ವರ್ಷ ಲೆಕ್ಕ ಬರೆದವಳಿಗೆ.
ಜಮಾ ಅಂದರೆ ಕೈ ತಡೆಯುತ್ತದೆ.

ಮೊನ್ನೆ ರಸೀದಿ ಪುಸ್ತಕ ಮತ್ತೆ ಅಚ್ಚಿಗೆ ಹೋಯಿತು.
ಆ ಸಾಲನ್ನು ತೆಗೆಯುವ ಅಧಿಕಾರ ನನಗಿಲ್ಲ.
ಬುಡದಿಂದ ಎತ್ತಿ ನೆತ್ತಿಯ ಮೇಲೆ ಹಾಕಿಸಿದೆ,
ಗಿರಣಿಯ ಹೆಸರಿನಷ್ಟೇ ದಪ್ಪಕ್ಕೆ.
ಮಾಲಕರು ಇನ್ನೂ ನೋಡಿಲ್ಲ.